ಊದದ ಕಾಲಿನಲ್ಲೂ ಇರಬಹುದು ರೋಗ

ಆನೆಕಾಲು ರೋಗದ ವಿರುದ್ಧ ಸಾಮೂಹಿಕ ಮಾತ್ರೆ ಸೇವನೆಯ ಮಾತು ಬಂದಾಗಲೆಲ್ಲ ನನ್ನ ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ಕಾಲು ಊದಿದವರಿಗೆ ಕೊಡಲಿ, ಆರೋಗ್ಯವಾಗಿರುವ ನಾನೇಕೆ ನುಂಗಬೇಕು?’ ಪ್ರಶ್ನೆ ಸಹಜವಾದುದೇ. ಉತ್ತರ ಇರುವುದು ನಮ್ಮ ರಕ್ಷಣಾ ಕೋಶಗಳ ವಿಚಿತ್ರ ವರ್ತನೆಯಲ್ಲಿ.

ಕ್ಯೂಲೆಕ್ಸ್ ಸೊಳ್ಳೆಯ ಕಡಿತದಿಂದ ದೇಹ ಸೇರುವ ವುಚೆರೇರಿಯಾ ಹುಳು ದುಗ್ಧರಸ ನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದರ ಮರಿಗಳು ರಾತ್ರಿ ವೇಳೆ ರಕ್ತದಲ್ಲಿ ಸಂಚರಿಸುತ್ತವೆ. ಇಷ್ಟಾದರೂ ಅನೇಕರಲ್ಲಿ ರೋಗದ ಯಾವ ಸುಳಿವೂ ಕಾಣದು. ಇಂಥವರ ಟಿ-ಕೋಶಗಳು ಹುಳುವನ್ನು ಎದುರಿಸಲು ಹಿಂಜರಿಯುತ್ತವೆ. ಅವುಗಳನ್ನು ತಣ್ಣಗಾಗಿಸುವ ಇಂಟರ್‌ಲ್ಯೂಕಿನ್-10 ಎಂಬ ಸಂಕೇತ ವಸ್ತು ಹೆಚ್ಚಾಗಿ ಸ್ರವಿಸುತ್ತದೆ. ದಾಳಿಗೆ ಪ್ರಚೋದಿಸುವ ಇಂಟರ್‌ಫೆರಾನ್ ಗಾಮಾ ಕುಗ್ಗುತ್ತದೆ. ಅಂದರೆ ಕಾವಲುಗಾರನೇ ಕಳ್ಳನೊಡನೆ ರಾಜಿಯಾಗಿದ್ದಾನೆ!

ಕಾಲು ಊದಿದವರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವರ ರಕ್ಷಣಾ ಕೋಶಗಳು ಉಗ್ರವಾಗಿ ಪ್ರತಿಕ್ರಿಯಿಸುತ್ತವೆ. ಆ ಉರಿಯೂತ, ಅದರೊಡನೆ ಮೇಲಿಂದ ಮೇಲೆ ತಗಲುವ ಬ್ಯಾಕ್ಟೀರಿಯಾ ಸೋಂಕು ನಾಳಗಳನ್ನು ಕೆಡಿಸುತ್ತವೆ. ಅವರಲ್ಲಿ ಬಹುಪಾಲು ಜನರ ರಕ್ತದಲ್ಲಿ ಮರಿಹುಳುಗಳೇ ಇರುವುದಿಲ್ಲ. ನಾವು ಯಾರನ್ನು ಕಂಡು ದೂರ ಸರಿಯುತ್ತೇವೋ ಅವರಿಂದ ರೋಗ ಹರಡುವುದು ಅಪರೂಪ; ಹರಡುವವರು ನಮ್ಮಂತೆಯೇ ಓಡಾಡಿಕೊಂಡಿರುವವರು.

ಮಾತ್ರೆ ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುವುದುಂಟು. ಮರಿಹುಳುಗಳು ಸಾಯುವಾಗ ದೇಹ ತೋರುವ ಈ ಪ್ರತಿಕ್ರಿಯೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಶಮನವಾಗುತ್ತದೆ. ಅದನ್ನೇ ಮಾತ್ರೆಯ ಕೇಡೆಂದು ಬಗೆದು ಊರಿಗೆ ಊರೇ ಹಿಂದೆಗೆದರೆ ನಷ್ಟ ಯಾರಿಗೆ?

2004ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಈ ಕಾರ್ಯಕ್ರಮಕ್ಕೆ 2018ರಿಂದ ಕೆಲವು ಜಿಲ್ಲೆಗಳಲ್ಲಿ ಮೂರು ಔಷಧಗಳ ಬಲ ಸೇರಿತು. ಭಾರತ ಹಾಕಿಕೊಂಡಿರುವ ಗಡುವು 2027. ಕಲಬುರಗಿ, ಯಾದಗಿರಿ, ಬೀದರ್‌ನಿಂದ ಕರಾವಳಿಯವರೆಗೆ ಈ ರೋಗದ ಭಾರ ಹೊತ್ತ ನಾಡು ನಮ್ಮದು. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಅಸ್ವಸ್ಥರನ್ನು ಬಿಟ್ಟು ಉಳಿದವರು ಮಾತ್ರೆಯನ್ನು ಕಾರ್ಯಕರ್ತೆಯ ಎದುರಿನಲ್ಲೇ ನುಂಗಬೇಕು. ಜೇಬಿಗೆ ಸೇರಿದ ಮಾತ್ರೆ ಹುಳುವನ್ನು ಕೊಲ್ಲದು.

ಈಗಾಗಲೇ ಕಾಲು ಊದಿದವರಿಗೆ ಬೇಕಾದದ್ದು ನಿತ್ಯ ಸೋಪು-ನೀರಿನಿಂದ ಕಾಲು ತೊಳೆದು ಒರೆಸಿಕೊಳ್ಳುವ ತಿಳಿವಳಿಕೆ, ಗಾಯಗಳಿಗೆ ಚಿಕಿತ್ಸೆ. ಅದಕ್ಕೂ ಮಿಗಿಲಾಗಿ, ಪಕ್ಕದಲ್ಲಿ ಕೂರಲು ಹಿಂಜರಿಯದ ನೆರೆಹೊರೆ.