ಬೇಸಿಗೆ ರಜೆಯಲ್ಲಿ ನೀರು ಹಾಕೋರು ಯಾರು?

ನಮ್ಮ ಮೊದಲ ಡಿಸೈನ್ ನೋಡೋಕೆ ಬಹಳ ಚೆನ್ನಾಗಿತ್ತು. ಮೂರನೇ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಸೇರಿ, ತುಮಕೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಪರಿಸರಸ್ನೇಹಿ ಕೈತೋಟ ಮಾಡಿಕೊಡ್ತೀವಿ ಅಂತ ಒಪ್ಪಿಕೊಂಡಿದ್ವಿ. ಜಾಗ 14 ಮೀಟರ್ ಉದ್ದ, 9 ಮೀಟರ್ ಅಗಲ, ಅಡುಗೆ ಕೋಣೆಯ ಪಕ್ಕದಲ್ಲೇ. ಲ್ಯಾಪ್‌ಟಾಪ್‌ನಲ್ಲಿ 3ಡಿ ಚಿತ್ರ ಬರೆದ್ವಿ. ಮಣ್ಣಿನ ತೇವ ಅಳೆಯೋ ಸೆನ್ಸರ್, ಆರ್ಡುಯಿನೋ, ಹನಿ ನೀರಾವರಿ, ಎಲ್ಲಾ ಇತ್ತು. ಮುಖ್ಯೋಪಾಧ್ಯಾಯರು ತಲೆಯಾಡಿಸಿದರು. ಬಿಸಿಯೂಟದ ಅಡುಗೆ ಮಾಡೋ ಅಕ್ಕ ಮಾತ್ರ ಚಿತ್ರ ನೋಡಿ ಒಂದೇ ಪ್ರಶ್ನೆ ಕೇಳಿದರು: "ಎಲ್ಲಾ ಸರಿ ಕಣ್ರಪ್ಪಾ, ಬ್ಯಾಸ್ಗೆ ರಜಾದಲ್ಲಿ ನೀರ್ ಹಾಕೋರು ಯಾರು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆ ಶಾಲೆಯಲ್ಲಿ ಹಿಂದೆ ಎರಡು ಸಲ ತೋಟ ಮಾಡಿದ್ದಾರೆ. ಎರಡೂ ಸಲ ಜೂನ್ 5ಕ್ಕೆ ನೆಟ್ಟು, ಫೋಟೋ ತೆಗೆದು, ಮಾರ್ಚ್‌ವರೆಗೆ ಮಕ್ಕಳೇ ನೋಡಿಕೊಂಡಿದ್ದಾರೆ. ಮುಂದಿನ ಜೂನ್‌ಗೆ ಬಂದು ನೋಡಿದರೆ ಒಣಗಿದ ಕಡ್ಡಿ, ಜೊತೆಗೆ ಗಿಡದ ಹೆಸರು ಬರೆದ ಬೋರ್ಡು. (ನಮ್ಮ ಕ್ಯಾಂಪಸ್ ಏನೂ ಕಮ್ಮಿ ಇಲ್ಲ. ಹಾಸ್ಟೆಲ್ ಹಿಂದಿನ ಟ್ರೀ ಗಾರ್ಡ್‌ಗಳ ಒಳಗೆ ಒಮ್ಮೆ ಇಣುಕಿ ನೋಡಿ.) ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಶಾಲೆಗೆ ಬೀಗ. ಹೆಚ್ಚುಕಮ್ಮಿ 50 ದಿನ, ಅದೂ ವರ್ಷದ ಅತಿ ಬಿಸಿ ದಿನಗಳು. ಅಂದರೆ ಶಾಲೆ ತೋಟವನ್ನು ಡಿಸೈನ್ ಮಾಡಬೇಕಾಗಿರೋದು ಮಕ್ಕಳಿರುವ ಹತ್ತು ತಿಂಗಳಿಗಲ್ಲ, ಯಾರೂ ಇಲ್ಲದ ಆ 50 ದಿನಕ್ಕೆ. ಇಷ್ಟು ಅರ್ಥ ಆದಮೇಲೆ 3ಡಿ ಚಿತ್ರ ಪಕ್ಕಕ್ಕಿಟ್ವಿ.

ಮೊದಲು ನೀರಿನ ಲೆಕ್ಕ. ಶಾಲೆಯಲ್ಲಿ 94 ಮಕ್ಕಳು. ಮಧ್ಯಾಹ್ನ ಊಟ ಆದಮೇಲೆ ಕೈ, ತಟ್ಟೆ ತೊಳೆಯೋ ನೀರನ್ನ ನಲ್ಲಿ ಕೆಳಗೆ ಬಕೆಟ್ ಇಟ್ಟು ಮೂರು ದಿನ ಅಳೆದ್ವಿ. ಒಬ್ಬರಿಗೆ ಸರಾಸರಿ 1.4 ಲೀಟರ್, ದಿನಕ್ಕೆ ಸುಮಾರು 130 ಲೀಟರ್. ಇದುವರೆಗೆ ಅದೆಲ್ಲ ಚರಂಡಿ ಪಾಲು. ಇದನ್ನ ನೇರ ತರಕಾರಿ ಮಡಿಗೆ ಬಿಡೋ ಹಾಗಿಲ್ಲ. ಅನ್ನದ ಅಗುಳು, ಎಣ್ಣೆ, ಸೋಪು ಎಲ್ಲಾ ಇರುತ್ತೆ. ಕೊತ್ತಂಬರಿ ತರ ಹಸಿಯಾಗಿ ತಿನ್ನೋ ಸೊಪ್ಪಿಗಂತೂ ಬೇಡವೇ ಬೇಡ. ಹಾಗಾಗಿ ನಲ್ಲಿ ಬುಡದಲ್ಲಿ ಅಗುಳು ತಡೆಯೋಕೆ ಒಂದು ಜರಡಿ, ಆಮೇಲೆ ಜಲ್ಲಿ ತುಂಬಿದ ಗುಂಡಿ, ಅದರ ಅಂಚಿಗೆ ಕಾಬಾಳೆ, ಕೊನೆಗೆ ಬಾಳೆ ಪಾತಿ. ಬಾಳೆಗೆ ಎಷ್ಟು ನೀರು ಕೊಟ್ಟರೂ ಬೇಕು. ರಜೆಯಲ್ಲಿ ಈ ನೀರು ನಿಂತಾಗ ಬಾಳೆ ಸೊರಗುತ್ತೆ ನಿಜ, ಆದರೆ ನೆಲದೊಳಗಿನ ಗೆಡ್ಡೆ ಜೀವ ಹಿಡಿದುಕೊಂಡಿದ್ದರೆ ಮಳೆ ಬಿದ್ದಾಗ ಮತ್ತೆ ಚಿಗುರುತ್ತೆ. ಇಲ್ಲೊಂದು ವಿಚಿತ್ರ ಇದೆ: ಬರಪೀಡಿತ ತಾಲ್ಲೂಕುಗಳಲ್ಲಿ ಸರ್ಕಾರ ರಜೆಯಲ್ಲೂ ಬಿಸಿಯೂಟ ಕೊಟ್ಟಿದ್ದುಂಟು, 2024ರ ಬೇಸಿಗೆಯಲ್ಲಿ ಕೊಟ್ಟರು. ಅಂಥ ವರ್ಷ ಮಳೆ ಇಲ್ಲದಿದ್ದರೂ ಬಾಳೆಗೆ ಕೈತೊಳೆದ ನೀರು ಸಿಗುತ್ತೆ!

ಈ ಗುಂಡಿಗೆ ಪೈಪ್ ಹಾಕುವಾಗ ನಾವು ಇಳಿಜಾರು ಉಲ್ಟಾ ಕೊಟ್ಟಿದ್ವಿ. ಸರ್ವೇ ಲ್ಯಾಬ್‌ನಲ್ಲಿ ಆಟೋ ಲೆವೆಲ್ ಹಿಡಿದು ಒಳ್ಳೆ ಮಾರ್ಕ್ಸ್ ತಗೊಂಡವರು ನಾವೇ. ನೀರು ನಲ್ಲಿ ಬುಡದಲ್ಲೇ ನಿಂತು ವಾಸನೆ ಬಂತು. ಊರಿನ ಗಾರೆ ಮೇಸ್ತ್ರಿಯೊಬ್ಬರು ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡೂ ತುದಿಯ ಮಟ್ಟ ನೋಡಿ, ಹತ್ತು ನಿಮಿಷದಲ್ಲಿ ತಪ್ಪು ತೋರಿಸಿಕೊಟ್ಟರು. ಒಂದು ಮೀಟರ್‌ಗೆ ಒಂದು ಸೆಂಟಿಮೀಟರ್ ಇಳಿತ ಕೊಟ್ಟು ಮತ್ತೆ ಅಗೆದು ಹಾಕಿದ್ವಿ.

ಇನ್ನು ಗಿಡಗಳು. ತೋಟವನ್ನ ಎರಡು ಭಾಗ ಮಾಡಿದ್ವಿ. ಒಂದು ಭಾಗ ಮಕ್ಕಳ ಜೊತೆ ತಾನೂ ರಜೆ ತಗೊಳ್ಳೋದು. ಹರಿವೆ ಸೊಪ್ಪು 25–30 ದಿನಕ್ಕೆ ಕೊಯ್ಲಿಗೆ ಬರುತ್ತೆ, ಮೂಲಂಗಿ 40–45 ದಿನ, ಬೆಂಡೆ ಸುಮಾರು 50 ದಿನಕ್ಕೆ ಮೊದಲ ಕಾಯಿ. ಇವನ್ನೆಲ್ಲ ಜೂನ್‌ನಿಂದ ಬಿತ್ತಿ, ಕೊನೆ ಬಿತ್ತನೆ ಫೆಬ್ರವರಿ ಮಧ್ಯಕ್ಕೆ ನಿಲ್ಲಿಸಬೇಕು. ಪರೀಕ್ಷೆ ಹೊತ್ತಿಗೆ ಕೊನೆ ಕೊಯ್ಲು ಸಾಂಬಾರಿಗೆ ಹೋಗಿಬಿಡುತ್ತೆ. ಆಮೇಲೆ ಮಡಿಗಳನ್ನ ಬರಿದೇ ಬಿಸಿಲಿಗೆ ಬಿಡದೆ ನಾಲ್ಕು ಇಂಚು ಹೊದಿಕೆ ಹಾಕಬೇಕು. ಹೊದಿಕೆಗೆ ರಾಗಿ ಹುಲ್ಲು ಕೇಳಿಕೊಂಡು ಊರೊಳಗೆ ಹೋದ್ವಿ. "ದನಕ್ಕೆ ಹಾಕೋದನ್ನ ನೆಲಕ್ಕೆ ಹಾಸ್ತೀರಾ?" ಅಂತ ಬೈಸಿಕೊಂಡು ವಾಪಸ್ ಬಂದ್ವಿ. ಅವರು ಹೇಳಿದ್ದು ನ್ಯಾಯವೇ. ಒಣಗಿದ ಹೊಂಗೆ ಎಲೆ, ತೆಂಗಿನ ಸಿಪ್ಪೆ ಸಾಕಾಯ್ತು, ಈ ಕಡೆ ಅದಕ್ಕೇನೂ ಬರ ಇಲ್ಲ.

ಇನ್ನೊಂದು ಭಾಗ ರಜೆ ಇಲ್ಲದ ಗಿಡಗಳದ್ದು: ನುಗ್ಗೆ, ಕರಿಬೇವು, ನಿಂಬೆ, ಸೀಬೆ, ನೆಲ್ಲಿ, ಒಟ್ಟು ಒಂಬತ್ತು. ಬೇರು ಆಳಕ್ಕಿಳಿದ ಮೇಲೆ ಇವು ಬೇಸಿಗೆ ತಡೆದುಕೊಳ್ಳುತ್ತವೆ, ಎಲೆ, ಕಾಯಿ ಅಡುಗೆಗೂ ಆಗುತ್ತೆ. ಕರಿಬೇವು, ನಿಂಬೆ ಇದ್ದರೆ ಚಿಟ್ಟೆ ಬಂದು ಮೊಟ್ಟೆ ಇಡುತ್ತೆ, ವಿಜ್ಞಾನದ ಪಾಠಕ್ಕೆ ಚಿತ್ರ ಬೇಕಾಗಲ್ಲ. ಚೆಂದ ಅಂತ ಕಣಗಿಲೆ ನೆಡೋದು ಬೇಡ ಅಂದ್ವಿ. ಅದರ ಎಲೆ, ಬೀಜ ಎಲ್ಲಾ ವಿಷ, ಒಂದನೇ ಕ್ಲಾಸಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ತಾರೆ. ಲಾನ್ ಬಗ್ಗೆ ಮಾತೇ ಆಡಲಿಲ್ಲ.

ಕಷ್ಟ ಇರೋದು ಮೊದಲ ಬೇಸಿಗೆಯಲ್ಲಿ, ಬೇರು ಇನ್ನೂ ಮೇಲೆ ಮೇಲೆ ಇರುವಾಗ. ಇದಕ್ಕೆ ನಾವು ಹಿಡಿದ ದಾರಿ ಮಣ್ಣಿನ ಮಡಕೆ. ಗಿಡದಿಂದ ಒಂದಡಿ ದೂರದಲ್ಲಿ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಬೇಕು. ಬಣ್ಣ, ಮೆರುಗು ಹಾಕಿದ ಮಡಕೆ ಆಗಲ್ಲ. ಮಡಕೆ ಗೋಡೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತೆ. ಸುತ್ತಲಿನ ಮಣ್ಣು ಒಣಗಿದ್ದರೆ ಅದು ನೀರನ್ನ ಜೋರಾಗಿ ಎಳೆದುಕೊಳ್ಳುತ್ತೆ, ತೇವ ಇದ್ದರೆ ಎಳೆತ ಕಮ್ಮಿಯಾಗಿ ಜಿನುಗೋದೂ ನಿಧಾನ ಆಗುತ್ತೆ. ಅಂದರೆ ಸೆನ್ಸರ್, ಕಂಟ್ರೋಲರ್, ವಾಲ್ವ್ ಮೂರೂ ಅದೇ! ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಫೀಡ್‌ಬ್ಯಾಕ್ ಅಂದರೆ ಏನು ಅಂತ ಅರ್ಥ ಆಗದವರು ಒಂದು ಮಡಕೆ ಹೂತು ನೋಡಿ. ಮಡಕೆಗೆ ಮಾತ್ರ ಶುದ್ಧ ನೀರೇ ಬೇಕು. ಸೋಪಿನ ನೀರು ಹಾಕಿದರೆ ರಂಧ್ರ ಕಟ್ಟಿಕೊಳ್ಳುತ್ತೆ.

ಫೆಬ್ರವರಿ ಕೊನೆಯಲ್ಲಿ ನೋಡಿದಾಗ 8 ಲೀಟರ್ ಮಡಕೆ ಸುಮಾರು ಐದು ದಿನಕ್ಕೆ ಖಾಲಿಯಾಯ್ತು. ಮೇ ಬಿಸಿಲಿಗೆ ಇನ್ನೂ ಬೇಗ ಖಾಲಿ ಆಗಬಹುದು, ಮಧ್ಯೆ ಒಂದು ದಿನ ಗಿಡ ಬಾಡಿದರೂ ಸಾಯಲ್ಲ ಅನ್ನೋ ಧೈರ್ಯದ ಮೇಲೆ ಐದು ದಿನ ಅಂತಲೇ ಇಟ್ಟುಕೊಂಡ್ವಿ. ಒಂಬತ್ತು ಮಡಕೆಗೆ ಒಂದು ಸಲಕ್ಕೆ 72 ಲೀಟರ್. 50 ದಿನಕ್ಕೆ ಹತ್ತು ಸಲ, ಅಂದರೆ 720 ಲೀಟರ್. ಶಾಲೆಯಲ್ಲಿ ಮೂಲೆ ಸೇರಿದ್ದ 1000 ಲೀಟರ್ ಟ್ಯಾಂಕ್ ಒಂದು ಇತ್ತು. ಅದನ್ನ ತೊಳೆದು, ಸೂರಿನ ನೀರಿಗೆ ಜೋಡಿಸಿ, ಸೊಳ್ಳೆ ಹೋಗದ ಹಾಗೆ ಬಲೆ ಕಟ್ಟಿ, ನಲ್ಲಿಗೆ ಬೀಗ ಹಾಕಿದ್ದೀವಿ. ರಜೆಗೆ ಮುಂಚೆ ಪಂಚಾಯ್ತಿ ನೀರಿನಿಂದ ತುಂಬಿಸಿಕೊಡ್ತಾರೆ. ಆಮೇಲೆ ಭರಣಿ, ಕೃತ್ತಿಕೆ ಮಳೆ ಬಂದರೆ ಲಾಭ: 60 ಚದರ ಮೀಟರ್ ಸೂರಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1200 ಲೀಟರ್, ಐದರಲ್ಲಿ ಒಂದು ಭಾಗ ಪೋಲಾದರೂ 960 ಉಳಿಯುತ್ತೆ.

ಕೇಂದ್ರ ಸರ್ಕಾರ 2019ರಲ್ಲೇ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಆದರೆ ಮಾರ್ಗಸೂಚಿ ಬಂದು ಕೊಡ ಹೊರಲ್ಲ. ಹತ್ತು ಸಲ ಯಾರಾದರೂ ಹೋಗಿ, ಬೀಗ ತೆಗೆದು, ಮಡಕೆ ತುಂಬಲೇಬೇಕು. ಅಡುಗೆ ಅಕ್ಕನ ಮನೆ ಶಾಲೆ ಪಕ್ಕದಲ್ಲೇ ಇದೆ, ಎಲ್ಲಾ ಅವರ ತಲೆಗೆ ಕಟ್ಟೋದು ಸುಲಭ. ಅವರಿಗೆ ರಜೆ ತಿಂಗಳ ಸಂಬಳ ಇಲ್ಲ. ಹಾಗಾಗಿ ಕೇಳೋಕೆ ನಮಗೆ ಮನಸ್ಸು ಬರಲಿಲ್ಲ. ಅವರೇ "ಎರಡು ಸಲ ನಾನ್ ನೋಡ್ಕೋತೀನಿ" ಅಂದಿದ್ದಾರೆ. ನಾವು ಐದು ಜನ ಒಂದೊಂದು ಸಲ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಅಣ್ಣನ ಜೊತೆ ಒಂದು ಸಲ.

ಒಟ್ಟು ಎಂಟಾಯ್ತು. ಮೇ 11 ಮತ್ತು ಮೇ 16 ಖಾಲಿ ಇವೆ, ನಮ್ಮ ಇಂಟರ್ನಲ್ಸ್ ಇರೋದು ಆಗಲೇ. ಬೇರೆ ಬ್ರಾಂಚ್‌ನವರು ಯಾರಾದರೂ ಬರ್ತೀರಾ? ಕಾಲೇಜ್ ಗೇಟಿನಿಂದ ಬಸ್ಸಿದೆ, ಕೆಲಸ ಒಂದು ಗಂಟೆ ಕೂಡ ಹಿಡಿಯಲ್ಲ. ಬೀಗದ ಕೈ ಅಕ್ಕನ ಹತ್ತಿರ ಇದೆ.