ಶಿಲಾಯುಧಗಳ ಸಂಗ್ರಹ: ಕಲ್ಲು ಮತ್ತು ಚೀಟಿ

ಪಾರ್ಕ್ ಸ್ಟ್ರೀಟ್ ಎಂದೊಡನೆ ಕಲ್ಕತ್ತದ ಕನ್ನಡಿಗರ ಮನಸ್ಸಿಗೆ ಬರುವುದು ಅಲ್ಲಿಯ ಭೋಜನಶಾಲೆಗಳು ಮತ್ತು ಕ್ರಿಸ್‌ಮಸ್ ಕಾಲದ ದೀಪಗಳು. ಅದು ಸಹಜವೇ. ಆದರೆ ಆ ಬೀದಿಯು ಚೌರಂಗಿಯನ್ನು ಕೂಡುವೆಡೆಯಲ್ಲಿ, ಒಂದನೆಯ ನಂಬರಿನ ನಿವೇಶನದಲ್ಲಿ, ಏಷಿಯಾಟಿಕ್ ಸೊಸೈಟಿ ಇದೆ. ಸರ್ ವಿಲಿಯಂ ಜೋನ್ಸರು 1784ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು 1808ರಲ್ಲಿ ಇಲ್ಲಿಯ ಸ್ವಂತ ಕಟ್ಟಡಕ್ಕೆ ಬಂದಿತು. 1814ರಲ್ಲಿ ನಥಾನಿಯೆಲ್ ವಾಲಿಕ್ ಎಂಬ ಡೆನ್ಮಾರ್ಕಿನ ಸಸ್ಯಶಾಸ್ತ್ರಜ್ಞರ ಸೂಚನೆಯಂತೆ ಸೊಸೈಟಿಯು ಒಂದು ವಸ್ತುಸಂಗ್ರಹಾಲಯವನ್ನು ತೆರೆಯಿತು. 1866ರ ಕಾಯಿದೆಯಿಂದ ಅದೇ ಇಂಡಿಯನ್ ಮ್ಯೂಸಿಯಂ ಆಯಿತು. ಚೌರಂಗಿಯ ಇಂದಿನ ಕಟ್ಟಡದಲ್ಲಿ 1878ರಲ್ಲಿ ಜನರಿಗೆ ಬಾಗಿಲು ತೆರೆಯಿತು. ನಮ್ಮ ದೇಶದಲ್ಲಿ ಶಿಲಾಯುಧಗಳ ಸಂಗ್ರಹವು ಒಂದು ಶಾಸ್ತ್ರವಾಗಿ ಬೆಳೆದ ಕಥೆಯ ಮೊದಲ ಅಧ್ಯಾಯಗಳಲ್ಲಿ ಹಲವು ಈ ಸೊಸೈಟಿಯ ಪತ್ರಿಕೆಗಳಲ್ಲಿವೆ. ಆ ಕಥೆಯಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ.

ಶಿಲಾಯುಧವೆಂದರೆ ಅನೇಕರು ಚಕಮಕಿ ಕಲ್ಲಿನ ಕಠಾರಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಅಂಥವುಗಳ ತವರು ವಾಲಿಕ್ಕರ ತಾಯ್ನಾಡೇ. ಕೋಪನ್‌ಹೇಗನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಹಿಂಡ್ಸ್‌ಗಾವ್ಲ್ ಕಠಾರಿಯು 1876ರಲ್ಲಿ ದೊರೆತದ್ದು. ಒಂದಡಿಗೆ ಸ್ವಲ್ಪ ಕಡಿಮೆ ಉದ್ದ, ಒಂದು ಸೆಂಟಿಮೀಟರಿಗಿಂತ ಕಡಿಮೆ ದಪ್ಪ. ಕಂಚಿನ ಕಠಾರಿಯನ್ನು ಕಂಡವನೊಬ್ಬನು ಕಲ್ಲಿನಲ್ಲಿ ಅದನ್ನು ಅನುಕರಿಸಿದಂತಿದೆ. ಡೆನ್ಮಾರ್ಕಿನ ಬ್ಯಾಂಕು 2010ರಲ್ಲಿ ಹೊರಡಿಸಿದ ನೂರು ಕ್ರೋನರ್ ನೋಟಿನ ಹಿಂಬದಿಯಲ್ಲಿ ಇದರ ಚಿತ್ರವನ್ನು ಮುದ್ರಿಸಿದೆ. ನೋಟುಗಳ ನಡುವೆಯೇ ದಿನ ಕಳೆಯುವ ನನ್ನಂಥವನಿಗೆ ಇದು ಸಂತೋಷದ ಸಂಗತಿ.

ನಮ್ಮಲ್ಲಿ ಇಂಥ ಕಠಾರಿಗಳನ್ನು ಹುಡುಕುವುದು ವ್ಯರ್ಥ. ಅಷ್ಟು ದೊಡ್ಡ, ಬಿರುಕಿಲ್ಲದ ಚಕಮಕಿ ಕಲ್ಲು ಕನ್ನಡನಾಡಿನ ನೆಲದಲ್ಲಿಲ್ಲ. ಆಯಾ ಕಣಿವೆಯು ಕೊಟ್ಟ ಕಲ್ಲನ್ನೇ ಆಯಾ ಕಾಲದ ಮನುಷ್ಯನು ಬಳಸಿದನು. ಮಲಪ್ರಭೆಯ ದಡದಲ್ಲಿ ಕ್ವಾರ್ಟ್ಜೈಟ್, ಸುರಪುರದ ಹುಣಸಗಿ ಕಣಿವೆಯಲ್ಲಿ ಸುಣ್ಣಕಲ್ಲು, ಬಳ್ಳಾರಿಯ ಗುಡ್ಡಗಳಲ್ಲಿ ಡಾಲರೈಟ್ ಎಂಬ ಕರಿಗಲ್ಲು. ಸಣ್ಣ ಅಲಗುಗಳಿಗೆ ಚರ್ಟ್ ಮತ್ತು ಬೆಣಚು. ಇವುಗಳಲ್ಲಿ ಕಣ್ಣು ಕೋರೈಸುವಂಥದು ಏನೂ ಇಲ್ಲ. ಆದುದರಿಂದಲೇ ಶತಮಾನಗಳ ಕಾಲ ಜನರು ಇವುಗಳ ಮೇಲೆ ನಡೆದಾಡಿದರೂ ಗುರುತಿಸಲಿಲ್ಲ.

ಗುರುತಿಸುವುದು ಹೇಗೆ? ಮನುಷ್ಯನು ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಹೊಡೆದಾಗ ಚಕ್ಕೆಯೊಂದು ಸಿಡಿಯುತ್ತದೆ. ಚಕ್ಕೆಯ ಒಳಮೈಯಲ್ಲಿ, ಪೆಟ್ಟು ಬಿದ್ದ ಬಿಂದುವಿನ ಕೆಳಗೆ, ಒಂದು ಉಬ್ಬು ಉಳಿಯುತ್ತದೆ. ಮೂಲ ಕಲ್ಲಿನಲ್ಲಿ ಅದಕ್ಕೆ ಸರಿಯಾದ ಗುಳಿ ಬೀಳುತ್ತದೆ. ಬಿಸಿಲಿಗೆ ಬಿರಿದ ಅಥವಾ ಹೊಳೆಯಲ್ಲಿ ಉರುಳಿದ ಕಲ್ಲಿನಲ್ಲಿಯೂ ಒಂದೆರಡು ಗುಳಿಗಳಿರಬಹುದು. ಆದರೆ ಎರಡು ಮೈಗಳಿಂದಲೂ ಸಾಲಾಗಿ ಬಂದು ಒಂದೇ ಅಂಚನ್ನು ಕಟ್ಟುವ ಗುಳಿಗಳಿದ್ದರೆ ಅಲ್ಲಿ ಕೈ ಇದೆ, ಕೈಯ ಹಿಂದೆ ಒಂದು ಉದ್ದೇಶವಿದೆ. ನವಶಿಲಾಯುಗದ ಕೊಡಲಿಯಲ್ಲಿ ಇದರ ಮೇಲೆ ಉಜ್ಜುವ ಕೆಲಸವೂ ಸೇರುತ್ತದೆ. ಅದರ ಬಾಯಿಯ ಮೇಲೆ ಬೆರಳಾಡಿಸಿದರೆ ನುಣುಪು ತಿಳಿಯುತ್ತದೆ.

ಗುರುತಿಸಿದ ಮಾತ್ರಕ್ಕೆ ಸಂಗ್ರಹವಾಗುವುದಿಲ್ಲ. ಕಲ್ಲಿನ ಜೊತೆಗೆ ಅದು ಸಿಕ್ಕ ಸ್ಥಳವನ್ನು ಬರೆದ ಚೀಟಿ ಬೇಕು. ಆ ಚೀಟಿ ಕಳೆದರೆ ಕಲ್ಲು ಮೂಕವಾಗುತ್ತದೆ. ಲ ಮೆಸೂರಿಯೆ ಎಂಬ ರೈಲ್ವೆ ಎಂಜಿನಿಯರು 1860ರ ಸುಮಾರಿಗೆ ತೋನ್ಸ್ ನದಿಯ ಕಣಿವೆಯಲ್ಲಿ ನಯಗೊಳಿಸಿದ ಕೊಡಲಿಗಳನ್ನು ಕಂಡು ಸೊಸೈಟಿಗೆ ತಿಳಿಸಿದರು. ಅವುಗಳಲ್ಲಿ ಬಹಳಷ್ಟು ಹಳ್ಳಿಯ ಅರಳಿಮರಗಳ ಬುಡದಲ್ಲಿ, ದೇವರ ಕಲ್ಲುಗಳ ನಡುವೆ ಇದ್ದುವು. ಭಕ್ತರು ಅವನ್ನು ಎಲ್ಲೆಲ್ಲಿಂದಲೋ ತಂದು ಕೂಡಿಸಿದ್ದರಿಂದ ಅವು ಮೊದಲು ಯಾವ ಹೊಲದಲ್ಲಿದ್ದುವು, ಯಾವ ಮಣ್ಣಿನ ಪದರದಲ್ಲಿದ್ದುವು ಎಂಬುದು ಆಗಲೇ ಅಳಿಸಿಹೋಗಿತ್ತು. ಕಾರ್ಲೈಲ್ ಎಂಬ ಪುರಾತತ್ತ್ವ ಇಲಾಖೆಯ ಅಧಿಕಾರಿಯ ವಿಷಯ ಇನ್ನೂ ಶೋಚನೀಯವಾದುದು. ಇವರು ವಿಂಧ್ಯದ ಗುಹೆಗಳಲ್ಲಿ 1867-68ರಲ್ಲಿಯೇ ಸೂಕ್ಷ್ಮ ಶಿಲಾಯುಧಗಳನ್ನೂ ಬಂಡೆಯ ಮೇಲಿನ ಚಿತ್ರಗಳನ್ನೂ ಕಂಡವರು. ಆದರೆ ಸಕಾಲದಲ್ಲಿ ಪ್ರಕಟಿಸಲಿಲ್ಲ. ಅವರ ಸಂಗ್ರಹವು ದೇಶವಿದೇಶಗಳ ಸಂಗ್ರಹಾಲಯಗಳಿಗೂ ಖಾಸಗಿಯವರಿಗೂ ಹಂಚಿಹೋಯಿತು.

ಇವರ ಎದುರಿಗೆ ನಿಲ್ಲಿಸಬೇಕಾದವರು ರಾಬರ್ಟ್ ಬ್ರೂಸ್ ಫೂಟರು. 1858ರಲ್ಲಿ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಗೆ ಸೇರಿದ ಇವರಿಗೆ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಕೈಗೊಡಲಿಯೊಂದು ಸಿಕ್ಕಿತು. ಭಾರತದ ಪ್ರಾಗಿತಿಹಾಸದ ಅಧ್ಯಯನವನ್ನು ಆ ದಿನದಿಂದ ಎಣಿಸುವುದು ವಾಡಿಕೆ. ಮುಂದೆ ಇಲಾಖೆಯ ಕೆಲಸಕ್ಕಾಗಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳ ಸೀಮೆಯನ್ನೆಲ್ಲ ಅಲೆದರು. ಬಾದಾಮಿಯ ಕಡೆಯ ಖ್ಯಾಡದಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನು, ಗೋಕಾಕದ ಬಳಿ ಖಡ್ಗಮೃಗದ ಪಳೆಯುಳಿಕೆಯನ್ನು ಕಂಡರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಹೊಣೆ ಹೊತ್ತವರೂ ಇವರೇ. ಎಲ್ಲಿ ಯಾವುದು ಸಿಕ್ಕಿದರೂ ಊರಿನ ಹೆಸರು, ನೆಲದ ಸ್ವರೂಪ, ಕಲ್ಲಿನ ಜಾತಿ ಇಷ್ಟನ್ನೂ ಬರೆದಿಡುತ್ತಿದ್ದರು. ಅವರ ಸಂಗ್ರಹವನ್ನು ಮದರಾಸಿನ ಸರಕಾರಿ ಮ್ಯೂಸಿಯಂ 1904ರಲ್ಲಿ ಕೊಂಡಿತು. ಅವರು ತೀರಿಕೊಂಡದ್ದು 1912ರ ಡಿಸೆಂಬರಿನಲ್ಲಿ, ಇದೇ ಕಲ್ಕತ್ತದಲ್ಲಿ. ಅವರು ಸಿದ್ಧಪಡಿಸಿದ ವಿವರಣಾತ್ಮಕ ಪಟ್ಟಿ 1914ರಲ್ಲಿಯೂ, ಕಾಲ ಮತ್ತು ಹರವುಗಳನ್ನು ಕುರಿತ ಟಿಪ್ಪಣಿಗಳು 1916ರಲ್ಲಿಯೂ ಹೊರಬಂದುವು. ಇಂಡಿಯನ್ ಮ್ಯೂಸಿಯಮಿನ ಇಂಥ ವಸ್ತುಗಳ ಪಟ್ಟಿಯನ್ನು ಕಾಗಿನ್ ಬ್ರೌನ್ 1917ರಲ್ಲಿ ಪ್ರಕಟಿಸಿದರು.

ಆ ಚೀಟಿಗಳ ಬೆಲೆ ಏನೆಂಬುದು ಬಳ್ಳಾರಿಯ ಪಕ್ಕದ ಸಂಗನಕಲ್ಲು ಮತ್ತು ಕಪ್ಪಗಲ್ಲುಗಳಲ್ಲಿ ತಿಳಿಯಿತು. ಕಪ್ಪಗಲ್ಲಿನ ಗುಡ್ಡವು ಕಲ್ಲುಕೊಡಲಿಗಳ ಕಾರ್ಖಾನೆಯಾಗಿತ್ತೆಂದು ಫೂಟರು ಬರೆದಿದ್ದರು. ಅರೆಗೆಲಸದ ಕೊಡಲಿಗಳು, ಮುರಿದು ಬಿಟ್ಟವು, ಚಕ್ಕೆಗಳ ರಾಶಿ ಎಲ್ಲವೂ ಅಲ್ಲಿ ಒಟ್ಟಿಗೆ ಇದ್ದುವು. ಆ ಜಾಡನ್ನು ಹಿಡಿದು ಬಿ. ಸುಬ್ಬರಾಯರು ಸಂಗನಕಲ್ಲಿನಲ್ಲಿ ಅಗೆದು, 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಈಚೆಗೆ ರವಿ ಕೋರಿಶೆಟ್ಟರರೂ ಅವರ ಸಹೋದ್ಯೋಗಿಗಳೂ ಅಲ್ಲಿಯೇ ಮತ್ತೆ ಶೋಧಿಸಿ, ಮನೆಗಳು, ಧಾನ್ಯ, ದನಗಳು, ಕೊಡಲಿಯ ಕೆಲಸ ಇವೆಲ್ಲ ಒಂದೇ ಬದುಕಿನ ಅಂಗಗಳಾಗಿದ್ದುದನ್ನು ತೋರಿಸಿದ್ದಾರೆ. ಕೊಡಲಿಯೊಂದನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಇದಾವುದೂ ಕಾಣುವುದಿಲ್ಲ. ಅಲ್ಲಿ ಎಸೆದ ಚಕ್ಕೆಗಳೇ ಹೆಚ್ಚು ಮಾತನಾಡುತ್ತವೆ. ಚೆಲುವಾದ ಕಲ್ಲನ್ನೇ ಆರಿಸುವ ಸಂಗ್ರಾಹಕನು ಅವನ್ನು ಅಲ್ಲಿಯೇ ಬಿಟ್ಟುಬರುತ್ತಾನೆ.

ಹುಣಸಗಿಯ ಕಣಿವೆಯಲ್ಲಿ ಕೆ. ಪದ್ದಯ್ಯನವರ ದೀರ್ಘಕಾಲದ ಸಂಶೋಧನೆಯೂ ಇದೇ ಬಗೆಯದು. ಇಸಾಂಪುರದಲ್ಲಿ ಅವರು ಕಂಡದ್ದು ಸುಣ್ಣಕಲ್ಲನ್ನು ಎಬ್ಬಿಸಿ ಅಲ್ಲಿಯೇ ಆಯುಧ ಮಾಡಿದ ನೆಲೆ. ಜೊತೆಯಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳಿಂದ ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳೆಂದು ಎಣಿಸಲಾಗಿದೆ. ಹಲ್ಮಿಡಿಯ ಶಾಸನದಿಂದ ನಾಡಿನ ಚರಿತ್ರೆಯನ್ನು ಆರಂಭಿಸುವ ಅಭ್ಯಾಸವುಳ್ಳ ನಾವು ಈ ಅಂಕಿಯ ಎದುರಿಗೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳುವುದು ಒಳ್ಳೆಯದು.

ಕೊಳ್ಳುವ ಸಂಗ್ರಹದ ಮಾತನ್ನೂ ಹೇಳಬೇಕು. ಬೇಡಿಕೆ ಇರುವಲ್ಲಿ ನಕಲು ಹುಟ್ಟುತ್ತದೆ. ಎಡ್ವರ್ಡ್ ಸಿಂಪ್ಸನ್ ಎಂಬ ಇಂಗ್ಲೆಂಡಿನ ಮೋಸಗಾರನು ತಾನು ಮಾಡಿದ ಚಕಮಕಿ ಆಯುಧಗಳನ್ನು ಪ್ರಾಚೀನವೆಂದು ಎಷ್ಟೋ ಮಂದಿಗೆ ಮಾರಿದನು. ಬಯಲಾದ ಮೇಲೆ, 1862ರಲ್ಲಿ, ಲಂಡನ್ನಿನ ವಿದ್ವಾಂಸರ ಸಭೆಯಲ್ಲಿಯೇ ಮಾಡಿ ತೋರಿಸಿದನು! ನಮ್ಮ ದೇಶದಲ್ಲಿ 1972ರ ಪುರಾವಸ್ತು ಕಾಯಿದೆಯು ಪರವಾನಗಿಯಿಲ್ಲದ ಮಾರಾಟವನ್ನೂ ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನೂ ನಿಷೇಧಿಸಿದೆ. ಊರಿಗೆ ಹೋದಾಗ ಹೊಲದಲ್ಲಿ ಸಿಕ್ಕಿದ್ದೆಂದು ಯಾರಾದರೂ ಕೊಟ್ಟ ಕೊಡಲಿಕಲ್ಲು ನಮ್ಮಲ್ಲಿ ಕೆಲವರ ಮನೆಗಳ ಬೀರುವಿನಲ್ಲಿಯೂ ಇರಬಹುದು. ಕೊಟ್ಟವರ ನೆನಪು ಇನ್ನೂ ಹಸಿಯಾಗಿರುವಾಗಲೇ ಊರು, ಹೊಲ, ಹಳ್ಳದ ಹೆಸರು, ಸಿಕ್ಕ ವರ್ಷ ಇಷ್ಟನ್ನು ಬರೆಸಿ ಅದರ ಜೊತೆಗಿಡುವುದು, ರಾಜ್ಯದ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಕಷ್ಟವಲ್ಲ. ಹೊಸದಾಗಿ ಕಂಡದ್ದನ್ನು ಮಾತ್ರ ಎತ್ತದೆ ಇದ್ದಲ್ಲಿಯೇ ಬಿಟ್ಟು, ಚಿತ್ರ ತೆಗೆದುಕೊಳ್ಳಬೇಕು.

ಇದಕ್ಕೆ ಅವಸರವಿದೆ. ಸಂಗನಕಲ್ಲು ಕಪ್ಪಗಲ್ಲುಗಳ ಗುಡ್ಡಗಳನ್ನು ಕಲ್ಲುಗಣಿಯವರು ಒಡೆದಿದ್ದಾರೆ. ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಿಗೂ ಅದರಿಂದ ಹಾನಿಯಾಗಿದೆ. ಅಲ್ಲಿಯ ಶೋಧಗಳನ್ನು ಕಾಣಬಯಸುವವರಿಗಾಗಿ ಬಳ್ಳಾರಿಯಲ್ಲಿ ಫೂಟರ ಹೆಸರಿನ ಸಂಗ್ರಹಾಲಯವೊಂದಿದೆ. ರಜೆಯಲ್ಲಿ ಹಂಪಿಗೆ ಹೋಗುವವರು ಅಲ್ಲಿಗೊಂದು ದಿನ ಕೊಡಬಹುದು. ಗುಡ್ಡಗಳೂ ನಗರದ ಹತ್ತಿರದಲ್ಲಿಯೇ ಇವೆ.