ಶಾಸನಸೂಚಿಯ ವಿಳಾಸವೂ ಮಾರ್ಗದ ಪ್ಯಾರಾಮೀಟರುಗಳೂ

ಉಡುಪಿಯ ಪಿನ್‌ಕೋಡು ೫೭೬೧೦೧, ಮಣಿಪಾಲದ್ದು ೫೭೬೧೦೪, ಕಾರ್ಕಳದ್ದು ೫೭೪೧೦೪, ಕಾಪುವಿನದು ೫೭೪೧೦೬. ೧೯೭೨ರ ಆಗಸ್ಟ್ ೧೫ರಂದು ಆಚರಣೆಗೆ ಬಂದ ಈ ಪದ್ಧತಿಯಲ್ಲಿ ಆರು ಸ್ಥಾನಗಳು ಸ್ಥಿರವಾದುವು. ಅವುಗಳಲ್ಲಿ ಕೂರುವ ಅಂಕೆಗಳು ಮಾತ್ರ ಬದಲಾಗತಕ್ಕವು. ಮಣಿಪಾಲಕ್ಕೂ ಕಾರ್ಕಳಕ್ಕೂ ಇಲ್ಲಿರುವ ಭೇದ ಮೂರನೆಯ ಸ್ಥಾನದ ಒಂದೇ ಅಂಕೆಯದು. ಅದು ತಪ್ಪಿದರೆ ಕಾಗದವು ದಾರಿ ತಪ್ಪುತ್ತದೆ. ವೆಬ್ ಅಪ್ಲಿಕೇಶನ್ ಫ್ರೇಮ್‌ವರ್ಕುಗಳಲ್ಲಿ ‘ಮಾರ್ಗದ ಪ್ಯಾರಾಮೀಟರ್’ ಎಂಬುದೂ ಇಂಥದೇ ವ್ಯವಸ್ಥೆ: ವಿಳಾಸದ ಸ್ಥಿರ ರೂಪದೊಳಗೆ ಬದಲಾಗುವ ಒಂದು ಭಾಗ. ಇತಿಹಾಸದ ಅಭ್ಯಾಸಿಗಳು ಇದನ್ನು ಅರಿಯಬೇಕಾದುದೇಕೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ನಮ್ಮ ಜಿಲ್ಲೆಯ ಶಾಸನಗಳ ಸೂಚಿಯೊಂದನ್ನು ಅಂತರಜಾಲದಲ್ಲಿ ಇರಿಸುವೆವೆಂದು ಭಾವಿಸೋಣ. ಒಂದೊಂದು ಶಾಸನಕ್ಕೂ ಒಂದೊಂದು ಮಾರ್ಗವನ್ನು ಬರೆಯಬೇಕಾಗಿಲ್ಲ. ‘/ಶಾಸನ/:ಸಂಖ್ಯೆ’ ಎಂಬ ಒಂದೇ ಮಾದರಿ ಸಾಕು. ವಾಚಕರು ‘/ಶಾಸನ/೧೪’ ಎಂದು ಕೇಳಿದಾಗ ಫ್ರೇಮ್‌ವರ್ಕು ಆ ಕೋರಿಕೆಯನ್ನು ಮಾದರಿಯೊಡನೆ ತಾಳೆನೋಡಿ, ‘೧೪’ ಎಂಬುದನ್ನು ಬೇರ್ಪಡಿಸಿ, ಪುಟವನ್ನು ಸಿದ್ಧಪಡಿಸುವ ಕ್ರಮವಿಧಿಗೆ ಒಪ್ಪಿಸುತ್ತದೆ. ಎಕ್ಸ್‌ಪ್ರೆಸ್ಸಿನಲ್ಲಿ ಬದಲಾಗುವ ಭಾಗದ ಹಿಂದೆ ಎರಡು ಚುಕ್ಕೆಗಳನ್ನಿಡುವರು. ಫ್ಲಾಸ್ಕ್, ಜಾಂಗೊಗಳಲ್ಲಿ ಅದನ್ನು ಕೋನಾಕಾರದ ಆವರಣದೊಳಗೆ ಬರೆಯುವರು.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಬಂದ ಮೌಲ್ಯವು ಮೂಲತಃ ಬರಿಯ ಅಕ್ಷರಸರಣಿ, ಸಂಖ್ಯೆಯಲ್ಲ. ಫ್ಲಾಸ್ಕ್, ಜಾಂಗೊಗಳಲ್ಲಿ ‘ಇಲ್ಲಿ ಪೂರ್ಣಾಂಕವೇ ಬರಬೇಕು’ ಎಂದು ಮಾರ್ಗದಲ್ಲಿಯೇ ವಿಧಿಸಬಹುದು. ಎಕ್ಸ್‌ಪ್ರೆಸ್ಸಿನಲ್ಲಿ ಆ ಪರೀಕ್ಷೆಯನ್ನು ನಾವೇ ಮಾಡಬೇಕು. ಕನ್ನಡ ಅಂಕೆಗಳಲ್ಲಿ ಬರೆದ ‘೧೪’ನ್ನು ಪೈಥಾನ್ ಭಾಷೆ ಸಂಖ್ಯೆಯಾಗಿ ಪರಿವರ್ತಿಸಬಲ್ಲದು; ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಪರೀಕ್ಷಿಸದ ಮೌಲ್ಯವನ್ನು ದತ್ತಾಂಶಕೋಶದ ಪ್ರಶ್ನೆಯೊಳಗೆ ನೇರವಾಗಿ ಸೇರಿಸುವುದಂತೂ ಸರ್ವಥಾ ಸಲ್ಲದು. ದುರುದ್ದೇಶದವರಿಗೆ ಅದು ಬಾಗಿಲು ತೆರೆದಿಟ್ಟಂತೆ. ಎರಡನೆಯದು, ಎಕ್ಸ್‌ಪ್ರೆಸ್ ಮತ್ತು ಜಾಂಗೊಗಳು ಮಾರ್ಗಗಳನ್ನು ಬರೆದ ಕ್ರಮದಲ್ಲಿಯೇ ಪರಿಶೀಲಿಸುತ್ತವೆ. ‘/ಶಾಸನ/ಹುಡುಕು’ ಎಂಬ ಸ್ಥಿರಮಾರ್ಗವನ್ನು ಮೊದಲು ಬರೆಯದಿದ್ದರೆ ‘ಹುಡುಕು’ ಎಂಬುದೇ ಶಾಸನದ ಸಂಖ್ಯೆಯೆಂದು ಗಣಿತವಾದೀತು. ಮೂರನೆಯದು ಲಿಪಿಯ ವಿಚಾರ. ‘ಕಾಪು’ ಎಂಬುದರಲ್ಲಿ ಗಣಕವು ನಾಲ್ಕು ಚಿಹ್ನೆಗಳನ್ನು ಕಾಣುತ್ತದೆ. ಯುಟಿಎಫ್-೮ ಪದ್ಧತಿಯಲ್ಲಿ ಚಿಹ್ನೆಗೆ ಮೂರರಂತೆ ೧೨ ಬೈಟುಗಳು; ವಿಳಾಸದಲ್ಲಿ ಬೈಟಿಗೆ ಶೇಕಡಾ ಗುರುತೂ ಎರಡು ಅಕ್ಷರಗಳೂ ಸೇರಿ, ಒಟ್ಟು ೩೬ ಅಕ್ಷರಗಳಾಗುತ್ತವೆ.

ಇವೆಲ್ಲವೂ ತಂತ್ರದ ಮಾತಾಯಿತು. ಇವುಗಳಿಗಿಂತ ಗುರುತರವಾದ ಪ್ರಶ್ನೆಯೆಂದರೆ, ಆ ಸ್ಥಾನದಲ್ಲಿ ಯಾವುದನ್ನು ಇರಿಸಬೇಕು? ‘/ಜಿಲ್ಲೆ/ತಾಲ್ಲೂಕು/ಊರು’ ಎಂಬ ಕ್ರಮವು ನಮಗೆ ಸಹಜವಾಗಿ ತೋರುತ್ತದೆ. ಆದರೆ ಕಾರ್ಕಳವನ್ನು ನೋಡಿ. ವೀರಪಾಂಡ್ಯನು ೧೪೩೨ರಲ್ಲಿ ಪ್ರತಿಷ್ಠಿಸಿದ ಬಾಹುಬಲಿಯ ವಿಗ್ರಹ ನಿಂತಲ್ಲಿಯೇ ನಿಂತಿದೆ. ೧೫೮೬ರ ಚತುರ್ಮುಖ ಬಸದಿಯೂ ಕದಲಿಲ್ಲ. ಊರು ಮಾತ್ರ ೧೯೫೬ರವರೆಗೆ ಮದರಾಸು ರಾಜ್ಯದಲ್ಲಿತ್ತು. ಬಳಿಕ ಮೈಸೂರು ರಾಜ್ಯಕ್ಕೆ ಸೇರಿತು. ೧೯೭೩ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. ೧೯೯೭ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಉಡುಪಿ ಜಿಲ್ಲೆಗೆ ಕಾರ್ಕಳವು ಸಂದಿತು. ಉಡುಪಿ ತಾಲ್ಲೂಕಿನೊಳಗಿದ್ದ ಕಾಪುವಾದರೋ ೨೦೧೭ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಆಡಳಿತದ ಹೆಸರನ್ನು ವಿಳಾಸಕ್ಕೆ ಕಟ್ಟಿಹಾಕಿದ್ದರೆ, ಕಲ್ಲು ಕದಲದಿದ್ದರೂ ವಿಳಾಸವು ಕದಲುತ್ತಿತ್ತು. ಅದನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟ ಪ್ರಬಂಧಗಳ ಆಧಾರವೂ ಕಳಚುತ್ತಿತ್ತು. ‘ಪುಟ ಸಿಕ್ಕದು’ ಎಂಬುದನ್ನು ಸೂಚಿಸುವ ೪೦೪ ಎಂಬ ಸಂಖ್ಯೆಯಷ್ಟೇ ಸಂಶೋಧಕನ ಪಾಲಿಗೆ ಉಳಿಯುತ್ತಿತ್ತು.

ಆದುದರಿಂದ, ಒಮ್ಮೆ ಕೊಟ್ಟ ಮೇಲೆ ಎಂದಿಗೂ ಬದಲಿಸದ ಕ್ರಮಸಂಖ್ಯೆಯೊಂದನ್ನೇ ಪ್ಯಾರಾಮೀಟರಾಗಿ ಇರಿಸುವುದು ಯುಕ್ತ. ಜಿಲ್ಲೆ, ತಾಲ್ಲೂಕು, ಊರಿನ ಹೆಸರಿನ ನಾನಾ ರೂಪಗಳು, ಇವೆಲ್ಲ ಪುಟದೊಳಗಿನ ವಿವರಗಳಾಗಿರಲಿ, ಕಾಲಕಾಲಕ್ಕೆ ತಿದ್ದಬಹುದು. ಅನಿವಾರ್ಯವಾಗಿ ವಿಳಾಸವನ್ನು ಬದಲಿಸಿದಲ್ಲಿ, ‘ಶಾಶ್ವತವಾಗಿ ಸ್ಥಳಾಂತರವಾಗಿದೆ’ ಎಂದು ತಿಳಿಸುವ ೩೦೧ ಎಂಬ ಸಂಕೇತದೊಡನೆ ಹಳೆಯ ದಾರಿಯಿಂದ ಹೊಸದಕ್ಕೆ ಕಳುಹಿಸಬೇಕು. ಒಳ್ಳೆಯ ವಿಳಾಸಗಳು ಬದಲಾಗಬಾರದೆಂದು ವೆಬ್ಬಿನ ನಿರ್ಮಾತೃ ಟಿಮ್ ಬರ್ನರ್ಸ್-ಲೀ ಅವರು ೧೯೯೮ರಲ್ಲಿಯೇ ವಾದಿಸಿದ್ದರು. ಆಕರವನ್ನು ಹೇಳಿದ ಮೇಲೆ ಅದು ಅಲ್ಲಿಯೇ ದೊರೆಯಬೇಕೆಂಬ ನಮ್ಮ ಶಾಸ್ತ್ರದ ನಿಯಮವೂ ಅದೇ ಅಲ್ಲವೆ?